ಗಾಡಿಯ ಮೇವು

ಬ್ಯಾಟರಿ ಕಾರಿನ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ: ಹೊಗೆ ಎಷ್ಟು ಕಡಿಮೆಯಾಗುತ್ತದೆ, ದುಡ್ಡು ಎಷ್ಟು ಉಳಿಯುತ್ತದೆ. ಎರಡೂ ಕೇಳಲೇಬೇಕಾದವು. ಆದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ (ಬಳಕೆಯಲ್ಲಿ ಬರೀ ಕೋಟೆ), ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಹಿಂದಿನದನ್ನು ಓದಿದವರಿಗೆ ಅವಕ್ಕೂ ಮೊದಲಿನ ಪ್ರಶ್ನೆಯೊಂದು ಎದುರಾಗುತ್ತದೆ. ಗಾಡಿ ಯಾವುದೇ ಇರಲಿ, ಅದರ ಮೇವು ಎಲ್ಲಿಂದ ಬರುತ್ತದೆ, ಆ ಮೇವಿನ ದುಡ್ಡು ಯಾರ ಕೈ ಸೇರುತ್ತದೆ? ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಸೀಮೆ ಹೊರಗಿನವರ ಸಾಗಾಟಕ್ಕೆ ಎತ್ತು ಕೊಟ್ಟಿದೆ, ಮರ ಕೊಟ್ಟಿದೆ, ನೀರಿನ ಬಲ ಕೊಟ್ಟಿದೆ. ತನ್ನ ಸಾಗಾಟಕ್ಕೆ ಮಾತ್ರ ಸುಮಾರು ನೂರು ವರ್ಷದಿಂದ ಸಮುದ್ರದಾಚೆಯ ಎಣ್ಣೆಯನ್ನು ಕೊಳ್ಳುತ್ತ ಬಂದಿದೆ. ವಿದ್ಯುತ್ ವಾಹನದ ಬಹು ದೊಡ್ಡ ಗುಣವೆಂದರೆ ಅದರ ಮೇವನ್ನು ಊರಿನಲ್ಲೇ ಬೆಳೆದುಕೊಳ್ಳಬಹುದು ಎಂಬುದು. ಪರಿಸರದ ಲಾಭವೂ ಕೈಕಾಸಿನ ಲಾಭವೂ ಈ ಗುಣಕ್ಕೆ ಅಂಟಿಕೊಂಡೇ ಬರುತ್ತವೆ. ಮೇವಿನ ಏರ್ಪಾಡು ಕೆಟ್ಟರೆ ಅವೂ ಕೆಡುತ್ತವೆ.

ಹುಣಸೂರಿನಿಂದಲೇ ತೊಡಗಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಇಲಾಖೆ ಫಿರಂಗಿ ಎಳೆಯುವ ಎತ್ತುಗಳ ಇಲಾಖೆಯಾಯಿತು. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ರಾಸುಗಳ ಬಲದಿಂದ ಎಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕಂಪನಿಯ ಪಾಲಾದವು. ಆಮೇಲೆ ಬಹುಕಾಲ ಅವುಗಳ ಮುಖ್ಯ ಠಾಣೆ ಇದ್ದದ್ದು ಹುಣಸೂರಿನಲ್ಲಿ. ಎತ್ತಿನ ಜೊತೆಗೆ ಎತ್ತಿಗೆ ಬೇಕಾದ ಉಳಿದದ್ದೂ ಬಂತು: ಸೈನ್ಯಕ್ಕೆ ಬೂಟು, ಜೀನು, ಚೀಲ ಹೊಲಿಯುವ ಚರ್ಮದ ಕಾರ್ಖಾನೆ, ಕಂಬಳಿ ನೆಯ್ಯುವ ಕಾರ್ಖಾನೆ, ಗಾಡಿ ಕಟ್ಟುವ ಮರದ ಅಂಗಳ. ಮರ ಕಾಕನಕೋಟೆಯ ಕಡೆಯ ಕಾಡಿನಿಂದ ಬರುವಷ್ಟು ಹತ್ತಿರ. ಕೊಡಗಿಗೆ ಹೋಗುವ ಎರಡು ದಾರಿಗಳು ಕವಲಾಗುವ ಊರಾದ್ದರಿಂದ ಗಾಡಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. 1864ರಲ್ಲಿ ಸರ್ಕಾರ ಕಾರ್ಖಾನೆಗಳನ್ನು ಮುಚ್ಚಿದರೂ ಕಲಿತ ಕೈಗಳು ಊರಲ್ಲೇ ಉಳಿದವು. ಚರ್ಮದ ಕೆಲಸ, ಕಂಬಳಿ, ಗಾಡಿ ಕಟ್ಟುವ ಕಸುಬು ಖಾಸಗಿಯಾಗಿ ಮುಂದುವರಿದವು. ಕಾಫಿ ಹದಮಾಡುವ ಕಾರ್ಖಾನೆಗಳೂ ಎದ್ದವು.

ಆ ಕಾಲದ ಸಾಗಾಟದ ಲೆಕ್ಕವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎತ್ತು ಹುಟ್ಟಿದ್ದು ಇಲ್ಲಿ, ಮೇದದ್ದು ಇಲ್ಲಿಯ ಕಾವಲಿನ ಹುಲ್ಲು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು ಎಂದು ಹಿಂಡನ್ನು ಸಾಗಿಸುವ ಕ್ರಮವಿತ್ತು. ಅಚ್ಚು, ಗುಂಬ, ಅರೆ, ನೊಗ ಎಲ್ಲವೂ ಊರಿನ ಬಡಗಿಯ ಕೈಯವು. ಲಾಳ, ಕಡಾಣಿ ಊರಿನ ಕಮ್ಮಾರನವು. ಕೀಲೆಣ್ಣೆಗೆ ಹರಳೆಣ್ಣೆ ಮನೆಯದೇ. ಗಾಡಿ ಓಡಿದಷ್ಟೂ ದುಡ್ಡು ಹತ್ತಾರು ಮೈಲಿಯ ಒಳಗೇ ಸುತ್ತುತ್ತಿತ್ತು. ಇದನ್ನು ಹೇಳುವಾಗ ಎಚ್ಚರ ಬೇಕು, ಏಕೆಂದರೆ ಇದು ಸುಖದ ಕಾಲವೇನೂ ಆಗಿರಲಿಲ್ಲ. ಹೇರು ತುಂಬಿದ ಗಾಡಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಹೋದರೆ ಹೆಚ್ಚು. ಹುಣಸೂರಿನಿಂದ ಮೈಸೂರು ಮುಟ್ಟಲು ಎರಡು ದಿನ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವವರಿಗೆ ಆ ಎರಡು ದಿನದ ಬೆಲೆ ಗೊತ್ತಿತ್ತು. ಕಾವಲುಗಳ ಮೇಲೆ ಊರಿನ ಬಡವರ ದನಕ್ಕಿಂತ ಸೈನ್ಯದ ದನಕ್ಕೇ ಹಕ್ಕು ಹೆಚ್ಚು. ಬಸ್ಸು, ಲಾರಿ ಬಂದಾಗ ಜನ ಅವನ್ನು ಬಯಸಿ ಹತ್ತಿದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವೇಗದ ಜೊತೆಗೇ ಮೇವಿನ ಯಜಮಾನಿಕೆಯೂ ಕೈಬದಲಾಯಿತು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇದೇ ಚರಿತ್ರೆಯ ಇನ್ನೊಂದು ಎಳೆ ನೀರಿನದು. ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳ ಕಾವೇರಿ, ಕೋಟೆ ತಾಲ್ಲೂಕಿನ ಕಬಿನಿ, ಇವೆಲ್ಲ ಕೊನೆಗೆ ಒಂದಾಗಿ ಶಿವನಸಮುದ್ರದಲ್ಲಿ ಧುಮುಕುತ್ತವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಮುಂದಾಲೋಚನೆಯಿಂದ, ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಎಂಜಿನಿಯರ್ ಹಾಕಿದ ಯೋಜನೆಯಂತೆ ಅಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಅದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನೇರವಾಗಿ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಬೇಸಗೆಯಲ್ಲಿ ನದಿ ಬತ್ತಿದಾಗ ಗಣಿಗೆ ವಿದ್ಯುತ್ ತಪ್ಪಬಾರದು ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಒಂದು ಮುಖ್ಯ ಕಾರಣ. ಆ ಕಟ್ಟೆಯ ಹಿನ್ನೀರು ಕೃಷ್ಣರಾಜನಗರ ತಾಲ್ಲೂಕಿನ ನೆಲವನ್ನೂ ಮುಟ್ಟಿತು. ಹೀಗೆ ಈ ನಾಲ್ಕು ತಾಲ್ಲೂಕಿನ ಮಳೆ ವಿದೇಶಿ ಗಣಿ ಕಂಪನಿಯ ಯಂತ್ರ ತಿರುಗಿಸುತ್ತಿದ್ದಾಗ ಇಲ್ಲಿಯ ಹಳ್ಳಿಗಳಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆಯ ದೀಪವೇ ಉರಿಯುತ್ತಿತ್ತು. ಇಲ್ಲಿ ಅನ್ಯಾಯವಾಗಿದೆ ಎಂದು ನೇರವಾಗಿಯೇ ಹೇಳಬೇಕು.

ಶಿವನಸಮುದ್ರ ಬೆಳಗಿದ ಆ ದಶಕದಲ್ಲಿ ಜಗತ್ತಿನಲ್ಲಿ ಮೋಟಾರು ಗಾಡಿಯ ದಾರಿ ಇನ್ನೂ ತೀರ್ಮಾನವಾಗಿರಲಿಲ್ಲ ಎಂಬುದು ಕುತೂಹಲದ ಸಂಗತಿ. 1897ರಲ್ಲೇ ಲಂಡನ್ನಿನ ಬೀದಿಯಲ್ಲಿ ಬ್ಯಾಟರಿ ಟ್ಯಾಕ್ಸಿಗಳು ಓಡಿದ್ದವು. 1899ರಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ್ದು ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಜಿಯ ವಿದ್ಯುತ್ ಕಾರು. ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ಹುಟ್ಟಿಸಿ ಚಕ್ರ ತಿರುಗಿಸುವ ಹೈಬ್ರಿಡ್ ಗಾಡಿಯನ್ನು ಫರ್ಡಿನಂಡ್ ಪೋರ್ಷೆ 1900ರ ಹೊತ್ತಿಗೇ ಕಟ್ಟಿದ್ದ. ಅಮೆರಿಕದಲ್ಲಿ ಆಗ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕಾರುಗಳು ವಿದ್ಯುತ್ತಿನವು. ಆಮೇಲೆ 1908ರಲ್ಲಿ ಫೋರ್ಡನ ಅಗ್ಗದ ಮಾಡೆಲ್ ಟಿ ಬಂತು. 1912ರಲ್ಲಿ ಕೈಯಿಂದ ಹ್ಯಾಂಡಲ್ ತಿರುಗಿಸದೆ ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಬಂತು, ಎಣ್ಣೆ ಅಗ್ಗವಾಯಿತು. ಸೀಸದ ಬ್ಯಾಟರಿಯ ಭಾರಕ್ಕೂ ಕಿರಿದಾದ ಓಟಕ್ಕೂ ಪೈಪೋಟಿ ಕೊಡುವ ಶಕ್ತಿ ಉಳಿಯಲಿಲ್ಲ. ಮೈಸೂರು ಸಂಸ್ಥಾನ ಸ್ವಂತ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಿದ್ದೂ ಸಾಗಾಟಕ್ಕೆ ಪರದೇಶದ ಎಣ್ಣೆಯನ್ನೇ ನೆಚ್ಚಿತು. ಆಗ ಬೇರೆ ದಾರಿ ಇರಲಿಲ್ಲ ಎನ್ನುವುದೂ ನ್ಯಾಯವೇ. ಇಲ್ಲಿಯ ರಸ್ತೆಗೆ, ಇಲ್ಲಿಯ ಹೇರಿಗೆ ಆ ಕಾಲದ ಬ್ಯಾಟರಿ ಸಾಲುತ್ತಿರಲಿಲ್ಲ.

ಊರಿನ ಮೇವು ಎಂದಾಕ್ಷಣ ಒಳ್ಳೆಯದು ಎಂದು ಒಪ್ಪಿಕೊಳ್ಳುವ ಆತುರಕ್ಕೆ ಕಡಿವಾಣ ಹಾಕುವ ಅಧ್ಯಾಯವೂ ಒಂದಿದೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಉರುಳೆ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿದರು. ಹೊರಡುವ ಮೊದಲು ಒಲೆ ಊದಿ ಕಾಯಬೇಕು, ಏರು ಬಂದರೆ ಬಸ್ಸು ಉಬ್ಬಸಪಡುತ್ತದೆ, ಮಸಿ ಮತ್ತು ವಿಷಗಾಳಿ ಬೇರೆ. ಇದ್ದಿಲಿಗೆ ಮರ ಬೇಕು, ಮರಕ್ಕೆ ಕಾಡು. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕಿದ ಕೂಡಲೇ ಒಲೆಗಳು ಮಾಯವಾದವು. ಸ್ವಾವಲಂಬನೆಯೊಂದೇ ಸಾಲದು, ಬೆಳೆದು ಬರುವುದಕ್ಕಿಂತ ಬೇಗ ಮೇದು ಮುಗಿಸುವ ಗಾಡಿ ಊರಿಗೆ ಭಾರ ಎಂಬುದನ್ನು ಆ ನಾಲ್ಕೈದು ವರ್ಷಗಳು ತೋರಿಸಿದವು. ವಿದ್ಯುತ್ ಕಾರನ್ನೂ ಇದೇ ಒರೆಗೆ ಹಚ್ಚಬೇಕು.

ಕರ್ನಾಟಕದಲ್ಲಿ ಆ ಕಾರಿನ ಚರಿತ್ರೆ ಚಿಕ್ಕದಲ್ಲ. ಚೇತನ್ ಮೈನಿ ಅವರ ರೇವಾ ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿಯಿತು. ಸೀಸದ ಬ್ಯಾಟರಿ, ಸುಮಾರು 80 ಕಿಲೋಮೀಟರ್ ಓಟ, ಇಬ್ಬರು ದೊಡ್ಡವರು ಕೂರುವ ಜಾಗ. ಇಲ್ಲಿ ಅದನ್ನು ಆಟಿಕೆ ಎಂದವರೇ ಹೆಚ್ಚು. ಲಂಡನ್ನಿನಲ್ಲಿ ಮಾತ್ರ ಜಿ-ವಿಜ್ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. 2010ರಲ್ಲಿ ರೇವಾ ಕಂಪನಿಯ ಬಹುಪಾಲನ್ನು ಮಹೀಂದ್ರ ಕೊಂಡುಕೊಂಡಿತು. ಹೈಬ್ರಿಡ್ ಕಾರು 1997ರಲ್ಲಿ ಜಪಾನಿನ ಪ್ರಿಯಸ್ ಮೂಲಕ ಮತ್ತೆ ಜೀವ ಪಡೆದು, 2013ರಲ್ಲಿ ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ಕ್ಯಾಮ್ರಿಯಾಗಿ ತಯಾರಾಯಿತು. ವಿದ್ಯುತ್ ವಾಹನಕ್ಕೆಂದೇ ನೀತಿ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ರೇವಾದ ಸೀಸದ ಜಾಗಕ್ಕೆ ಲಿಥಿಯಂ ಬಂದದ್ದೇ ದೊಡ್ಡ ತಿರುವು. ಇವತ್ತಿನ ಸಣ್ಣ ವಿದ್ಯುತ್ ಕಾರು 24 ಯೂನಿಟ್ಟಿನ ಬ್ಯಾಟರಿಯಲ್ಲಿ ನಿಜವಾದ ರಸ್ತೆಯ ಮೇಲೆ ಹೆಚ್ಚುಕಡಿಮೆ ನೂರೆಂಬತ್ತು, ಇನ್ನೂರು ಕಿಲೋಮೀಟರ್ ಓಡುತ್ತದೆ.

ಈ ಓಟ ಇಲ್ಲಿಯವರಿಗೆ ಸಾಕೇ? ಮೈಸೂರಿನಿಂದ ಕೃಷ್ಣರಾಜನಗರ, ಹುಣಸೂರು, ಕೋಟೆ ಮೂರೂ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. ಪಿರಿಯಾಪಟ್ಟಣ ಮಾತ್ರ ಇನ್ನೊಂದಿಷ್ಟು ದೂರ. ಹೋಗಿ ಬಂದರೂ ನಡುವೆ ಚಾರ್ಜ್ ಬೇಕಾಗುವುದಿಲ್ಲ. ಇದು ಮುಖ್ಯ, ಏಕೆಂದರೆ ಮೈಸೂರು–ಅರಸೀಕೆರೆ ರೈಲು ಕೃಷ್ಣರಾಜನಗರವನ್ನು ಮುಟ್ಟಿದ್ದು ಬಿಟ್ಟರೆ ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ಇಂದಿಗೂ ರೈಲಿಲ್ಲ. ಎಲ್ಲ ಓಡಾಟವೂ ರಸ್ತೆಯ ಮೇಲೆಯೇ, ಎಲ್ಲ ಖರ್ಚೂ ಎಣ್ಣೆಯ ಮೇಲೆಯೇ. ಲೀಟರಿಗೆ ಹದಿನಾರು ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಆರು ರೂಪಾಯಿಗೂ ಮೇಲೆ ಬೀಳುತ್ತದೆ. ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುವ ವಿದ್ಯುತ್ ಕಾರನ್ನು ಮನೆಯಲ್ಲೇ ಚಾರ್ಜ್ ಮಾಡಿದರೆ ಒಂದು ರೂಪಾಯಿಯ ಸುತ್ತಮುತ್ತ. ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಗ್ಗೆಗೆ ತುಂಬಿರುತ್ತದೆ. ಹಳ್ಳಿಯ ವಿದ್ಯುತ್ತನ್ನು ನೆಚ್ಚಬಹುದೇ ಎಂಬ ಅನುಮಾನ ಹಿಂದೆ ನ್ಯಾಯವಾಗಿತ್ತು. ನಿರಂತರ ಜ್ಯೋತಿ ಯೋಜನೆ ಪಂಪ್‌ಸೆಟ್ಟಿನ ಲೈನನ್ನೂ ಮನೆಯ ಲೈನನ್ನೂ ಬೇರೆಮಾಡಿದ ಮೇಲೆ ಅದು ಬಹುಮಟ್ಟಿಗೆ ತಗ್ಗಿದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಕಾಡಂಚಿನ ಊರುಗಳಿಗೆ ಮಾತ್ರ ಈ ಮಾತು ಅನ್ವಯಿಸದು. ಅಂಥಲ್ಲಿಯವರಿಗೆ, ಬಾವಲಿ ದಾಟಿ ವಯನಾಡಿಗೋ ಮಡಿಕೇರಿ ಇಳಿದು ಮಂಗಳೂರಿಗೋ ಪದೇ ಪದೇ ಹೋಗಬೇಕಾದವರಿಗೆ ಹೈಬ್ರಿಡ್ ಹೊಂದುತ್ತದೆ. ಬ್ರೇಕ್ ಹಾಕಿದಾಗ, ಘಟ್ಟ ಇಳಿಯುವಾಗ ವ್ಯರ್ಥವಾಗುವ ಬಲವನ್ನು ಅದು ಬ್ಯಾಟರಿಗೆ ತುಂಬಿಕೊಂಡು, ಏರಿನಲ್ಲಿ, ಪೇಟೆಯ ನಿಂತು ನಡೆವ ಸಂದಣಿಯಲ್ಲಿ ಬಳಸುತ್ತದೆ. ನೇರ ಹೆದ್ದಾರಿಯ ಒಂದೇ ವೇಗದ ಓಟದಲ್ಲಿ ಆ ಉಳಿತಾಯ ಕುಗ್ಗುತ್ತದೆ. ಎಷ್ಟೇ ಉಳಿಸಿದರೂ ಅದರ ಮೇವು ಪೆಟ್ರೋಲೇ. ನನ್ನ ಮಟ್ಟಿಗೆ ಅದು ಕೆಲವರ ಅನಿವಾರ್ಯಕ್ಕೆ ತಕ್ಕ ಗಾಡಿ, ಸೀಮೆಯ ಸಾಗಾಟಕ್ಕೆ ಉತ್ತರ ಅಲ್ಲ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ವಿದ್ಯುತ್ತು ಕಲ್ಲಿದ್ದಲಿನಿಂದ ಬರುವಾಗ ಹೊಗೆ ಹುಣಸೂರಿನಿಂದ ರಾಯಚೂರಿನ ಕಲ್ಲಿದ್ದಲು ಸ್ಥಾವರಕ್ಕೆ ವರ್ಗವಾಯಿತಷ್ಟೇ ಅಲ್ಲವೇ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಎಣ್ಣೆ ತೆಗೆದು, ಸಂಸ್ಕರಿಸಿ, ಸಾಗಿಸುವುದನ್ನೂ ಸೇರಿಸಿದರೆ ಸಣ್ಣ ಕಾರಿಗೆ ಕಿಲೋಮೀಟರಿಗೆ ಸುಮಾರು 170 ಗ್ರಾಂ. ದೇಶದ ಗ್ರಿಡ್ಡಿನ ಸರಾಸರಿ ಯೂನಿಟ್ಟಿಗೆ 0.7 ಕಿಲೋಗಿಂತ ತುಸು ಹೆಚ್ಚು. ತಂತಿಯ ಸೋರಿಕೆ ಸೇರಿಸಿದರೂ ವಿದ್ಯುತ್ ಕಾರಿಗೆ 120, 125 ಗ್ರಾಂ. ಬ್ಯಾಟರಿ ತಯಾರಿಸುವಾಗ ಹೊರಬಿದ್ದ ಎರಡು ಟನ್ನಿನಷ್ಟು ಇಂಗಾಲದ ಸಾಲ ತೀರಲು ಹೀಗಾದರೆ ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಓಡಬೇಕು. ಆಮೇಲಿನದೆಲ್ಲ ಲಾಭ. ಕಲ್ಲಿದ್ದಲಿನ ಗ್ರಿಡ್ಡಿನಲ್ಲೂ ಲಾಭವಿದೆ, ಆದರೆ ಹೇಳಿಕೊಳ್ಳುವಷ್ಟಿಲ್ಲ. ಇದೇ ಕಾರನ್ನು ಚಾವಣಿಯ ಸೋಲಾರಿನಿಂದ ಚಾರ್ಜ್ ಮಾಡಿದರೆ ಸಾಲ ಹದಿನೈದು ಸಾವಿರ ಕಿಲೋಮೀಟರಿನೊಳಗೆ ತೀರುತ್ತದೆ. ಎರಡಕ್ಕೂ ಕಾರು ಒಂದೇ, ವ್ಯತ್ಯಾಸವಿರುವುದು ಮೇವಿನಲ್ಲಿ. ಕರ್ನಾಟಕಕ್ಕೆ ಇಲ್ಲಿ ಅನುಕೂಲವಿದೆ: ಶರಾವತಿ, ಕಾಳಿಯ ನೀರು, ಪಾವಗಡದ 2,050 ಮೆಗಾವಾಟಿನ ಸೋಲಾರ್, ಬಯಲುಸೀಮೆಯ ಗಾಳಿ. ಇಲ್ಲೇ ನೋಡಿದರೆ ಬೀಚನಹಳ್ಳಿಯ ಕಬಿನಿ ಕಟ್ಟೆಯ ಬುಡದಲ್ಲಿ 20 ಮೆಗಾವಾಟ್, ಚುಂಚನಕಟ್ಟೆಯಲ್ಲಿ 18 ಮೆಗಾವಾಟಿನ ಜಲವಿದ್ಯುತ್ ಕೇಂದ್ರಗಳಿವೆ. ಒಂದು ಕಿಲೋವಾಟಿನ ಸೋಲಾರ್ ಹಲಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಎಂದರೆ ಇಪ್ಪತ್ತೆಂಟು ಕಿಲೋಮೀಟರ್ ಓಟ. ಮಳೆಗಾಲದ ದಟ್ಟ ಮೋಡದ ದಿನಗಳಲ್ಲಿ ಅರ್ಧವೂ ಬಾರದಿರಬಹುದು, ನಿಜ. ಹಾಗೆಂದು ಉಳಿದ ಒಂಬತ್ತು ತಿಂಗಳ ಬಿಸಿಲನ್ನು ತಳ್ಳಿಹಾಕಬೇಕಿಲ್ಲ.

ನೀರಿನ ವಿದ್ಯುತ್ತನ್ನು ಶುದ್ಧವೆಂದು ಹೊಗಳುವವರು ಕೋಟೆ ತಾಲ್ಲೂಕಿನಲ್ಲಿ ನಿಂತು ಮಾತಾಡಬೇಕು. 1974ರಲ್ಲಿ ಕಬಿನಿ ಕಟ್ಟೆ ಮುಗಿದಾಗ ಊರುಗಳೂ ಕಾಡೂ ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ನೆಲವೂ ಮುಳುಗಿದವು. ಜೇನುಕುರುಬರ, ಕಾಡುಕುರುಬರ ಹಾಡಿಗಳು ಎತ್ತಂಗಡಿಯಾದವು. ಹಾಡಿಗಳಿಗೆ ವಿದ್ಯುತ್ ಬಂದದ್ದು ಎಲ್ಲರಿಗಿಂತ ಕೊನೆಯಲ್ಲಿ. ಆದ್ದರಿಂದ ಕಾರಿಗಾಗಿ ಇನ್ನೊಂದು ನದಿಗೆ ಅಡ್ಡಗಟ್ಟುವ ಮಾತನ್ನು ಯಾರಾದರೂ ಎತ್ತಿದರೆ ಒಪ್ಪಬಾರದು. ಇರುವ ಕಟ್ಟೆಯ ವಿದ್ಯುತ್ತು, ಇರುವ ಚಾವಣಿಯ ಬಿಸಿಲು, ಇವೆರಡರ ಮೇಲೆ ನಿಂತರೆ ಮಾತ್ರ ವಿದ್ಯುತ್ ಕಾರನ್ನು ಪರಿಸರದ ಗೆಳೆಯ ಎನ್ನಬಹುದು. ಲಿಥಿಯಂ ವಿಚಾರದಲ್ಲೂ ಇದೇ ಎಚ್ಚರ ಬೇಕು. ಪಕ್ಕದ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣದ ಬಳಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ಇಲಾಖೆ ಅಂದಾಜಿಸಿದೆ. ಜಗತ್ತಿನ ಬೇಡಿಕೆಯ ಮುಂದೆ ಅದು ತೀರ ಸಣ್ಣದು. ಅದನ್ನು ಅಗೆಯುವ ದಿನ ಬಂದರೆ ಕೋಲಾರದ ಕಥೆ ಮರುಕಳಿಸದಂತೆ ನೆಲದವರ ಪಾಲು ಮೊದಲೇ ತೀರ್ಮಾನವಾಗಿರಬೇಕು. ಹಳೆಯ ಬ್ಯಾಟರಿಯನ್ನು ತಯಾರಕರೇ ಹಿಂದಕ್ಕೆ ಪಡೆಯಬೇಕೆಂದು 2022ರ ನಿಯಮ ಹೇಳುತ್ತದೆ. ಸಣ್ಣ ಕಾರುಗಳಲ್ಲಿ ಬಳಸುವ ಕಬ್ಬಿಣ–ಫಾಸ್ಫೇಟಿನ ಬ್ಯಾಟರಿಗೆ ಕೋಬಾಲ್ಟ್ ಬೇಕಿಲ್ಲ ಎಂಬುದೂ ಸಮಾಧಾನದ ಸಂಗತಿ. ಆದರೆ ನಿಯಮ ಕಾಗದದಿಂದ ತಾಲ್ಲೂಕು ಮಟ್ಟದ ಗುಜರಿ ಅಂಗಡಿಯವರೆಗೆ ಇಳಿಯಬೇಕು.

ಇಲ್ಲಿಯ ಹೊಗೆಯಲ್ಲಿ ಕಾರಿನ ಪಾಲೆಷ್ಟು, ತಂಬಾಕಿನ ಬ್ಯಾರನ್ನುಗಳ ಪಾಲೆಷ್ಟು ಎಂಬುದು ಇನ್ನೊಂದು ಆಕ್ಷೇಪ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಹೊಲಗಳಲ್ಲಿ ಸೊಪ್ಪು ಬೇಯಿಸಲು ಪ್ರತಿ ವರ್ಷ ಸುಡುವ ಸೌದೆಯ ಮುಂದೆ ಕಾರಿನ ಹೊಗೆ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ಒಪ್ಪಲೇಬೇಕು. ಕಾರು ಬದಲಾಯಿಸಿದ ಮಾತ್ರಕ್ಕೆ ಸೀಮೆಯ ಗಾಳಿ ತಿಳಿಯಾಗುತ್ತದೆ ಎಂದು ನಂಬಿಸುವುದು ತಪ್ಪು. ಆದರೆ ಬ್ಯಾರನ್ನಿನ ಸಮಸ್ಯೆ ಬಗೆಹರಿಯುವವರೆಗೆ ಎಣ್ಣೆಯ ಗಾಡಿಯನ್ನು ಹಾಗೇ ಬಿಡಬೇಕೆಂಬ ವಾದಕ್ಕೂ ಆಧಾರವಿಲ್ಲ. ಎರಡಕ್ಕೂ ಬೇಕಾದ ಹಣ, ತಂತ್ರ, ಮಂದಿ ಬೇರೆ ಬೇರೆ. ಕಾಡಿನ ರಸ್ತೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೈಸೂರು–ಮಾನಂದವಾಡಿ ರಸ್ತೆ ನಾಗರಹೊಳೆಯನ್ನು ಸೀಳಿ ಹೋಗುತ್ತದೆ, ಅಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಸದ್ದಿಲ್ಲದ ಗಾಡಿ ಪ್ರಾಣಿಗಳಿಗೆ ನೆಮ್ಮದಿ ಎನ್ನುವವರಿದ್ದಾರೆ, ಸದ್ದಿಲ್ಲದೆ ಬಂದು ಡಿಕ್ಕಿ ಹೊಡೆಯುತ್ತದೆ ಎನ್ನುವವರೂ ಇದ್ದಾರೆ. ವೇಗ ಹೆಚ್ಚಿದಾಗ ಟೈರಿನ ಸದ್ದೇ ಹೆಚ್ಚಾಗುವುದರಿಂದ ಈ ವಾದ ಎರಡೂ ಕಡೆ ಅಷ್ಟು ತೂಗುವುದಿಲ್ಲ. ಜಿಂಕೆಯನ್ನು ಕೊಲ್ಲುವುದು ವೇಗ. ವಿದ್ಯುತ್ ಗಾಡಿಯ ನೆಪದಲ್ಲಿ ರಾತ್ರಿ ನಿಷೇಧ ಸಡಿಲಿಸುವ ಬೇಡಿಕೆ ಬಂದರೆ ಅದಕ್ಕೆ ಸೊಪ್ಪು ಹಾಕಬಾರದು.

ಉಳಿದದ್ದು ಬೆಲೆಯ ಆಕ್ಷೇಪ, ಅದು ಎಲ್ಲಕ್ಕಿಂತ ನ್ಯಾಯವಾದದ್ದು. ವಿದ್ಯುತ್ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ದುಬಾರಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಐದು ಸಾವಿರದಷ್ಟು ಉಳಿದು ನಾಲ್ಕೈದು ವರ್ಷದಲ್ಲಿ ವ್ಯತ್ಯಾಸ ತುಂಬಿಬರಬಹುದು. ತಿಂಗಳಿಗೆರಡು ಸಲ ಮದುವೆ, ಜಾತ್ರೆಗೆ ಹೊರಡುವ ಮನೆಯವರಿಗೆ ಎಂದೂ ತುಂಬಿಬಾರದು, ಅವರು ಈಗಿರುವ ಕಾರನ್ನೇ ಬಳಸುವುದು ಮೇಲು. ಅದಕ್ಕೂ ಮಿಗಿಲಾಗಿ, ಈ ತಾಲ್ಲೂಕುಗಳ ಬಹುಪಾಲು ಮನೆಗಳಲ್ಲಿ ಕಾರೇ ಇಲ್ಲ. ಅವರ ಓಡಾಟ ಬೈಕು, ಆಟೊ, ಬಸ್ಸಿನಲ್ಲಿ. ಆದ್ದರಿಂದ ದಿನವಿಡೀ ಓಡುವ ಗಾಡಿಗಳಿಗೆ ಸರ್ಕಾರದ ನೆರವು ಮೊದಲು ಸೇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2023ರ ಜನವರಿಯಲ್ಲಿ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸು ಬೆಂಗಳೂರು–ಮೈಸೂರು ನಡುವೆ ಶುರುವಾಯಿತು. ಆ ದಾರಿಗೆ ರೈಲೂ ಇದೆ, ಹೆದ್ದಾರಿಯೂ ಇದೆ. ರೈಲಿಲ್ಲದ ಕೋಟೆಗೆ, ಹುಣಸೂರಿಗೆ, ಪಿರಿಯಾಪಟ್ಟಣಕ್ಕೆ ಮೈಸೂರಿನಿಂದ ಇರುವ ದೂರ ಒಂದೇ ಚಾರ್ಜಿನಲ್ಲಿ ಹೋಗಿ ಬರುವಷ್ಟು ಕಡಿಮೆ. ಡಿಪೋಗಳಿಗೆ ಅಗಲವಾದ ಚಾವಣಿಯಿದೆ, ಅಂಗಳವಿದೆ. ಅಲ್ಲಿ ಹಾಕಿದ ಹಲಗೆಯ ವಿದ್ಯುತ್ತು ಬಸ್ಸಿಗೂ ಸಿಗಬಹುದು, ನಿಲ್ದಾಣದೆದುರು ಗಿರಾಕಿ ಕಾಯುವ ಆಟೊಗಳಿಗೂ ಸಿಗಬಹುದು. ಅಷ್ಟು ಓಟದ ಎಣ್ಣೆಯ ದುಡ್ಡು ಚಾಲಕರ ಜೇಬಿನಲ್ಲಿ, ನಿಗಮದ ಖಜಾನೆಯಲ್ಲಿ ಉಳಿಯುತ್ತದೆ.